ಉದ್ಯೋಗದ ಕಾಲಂ ತುಂಬುವ ಮೊದಲು

(ಮಂಡ್ಯ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆದ ಎನ್ನೆಸ್ಸೆಸ್ ಶಿಬಿರದಲ್ಲಿ ವಿದ್ಯಾರ್ಥಿಗಳಿಗೆ ಆಡಿದ ಮಾತುಗಳು)

ಎಲ್ಲರಿಗೂ ನಮಸ್ಕಾರ.

ನೀವು ಮನೆ ಮನೆಗೆ ಹೋಗಿ ತುಂಬಿಸಿಕೊಂಡು ಬಂದ ಸಮೀಕ್ಷೆ ಫಾರಂಗಳನ್ನು ಈಗಷ್ಟೇ ನೋಡಿದೆ. ಯಜಮಾನರ ಹೆಸರು, ಜಮೀನು ಎಷ್ಟು, ಹಸು ಎಷ್ಟು, ಆಮೇಲೆ ಮನೆಯಲ್ಲಿರುವ ಒಬ್ಬೊಬ್ಬರ ಉದ್ಯೋಗ. ಗಂಡಸರ ಹೆಸರಿನ ಮುಂದೆ ವ್ಯವಸಾಯ ಅಂತ ಬರೆದಿದ್ದೀರಿ. ಹೆಂಗಸರ ಹೆಸರಿನ ಮುಂದೆ ಹೆಚ್ಚಿನ ಕಡೆ ಸುಮ್ನೆ ಒಂದು ಗೀಟು ಎಳೆದಿದ್ದೀರಿ. ತಪ್ಪು ನಿಮ್ಮದಲ್ಲ. ನೀವು ಕೇಳಿದಾಗ ಮನೆಯವರೇ "ಅವಳೇನಿಲ್ಲ, ಮನೇಲೇ ಇರ್ತಾಳೆ" ಅಂದಿರುತ್ತಾರೆ. ಆಕೆಯೂ ಹೂಂ ಅಂದಿರುತ್ತಾಳೆ. ಆದರೆ ನೀವು ಬಂದಿರುವುದು ಸಂಕ್ರಾಂತಿ ಕಳೆದು ಶಿವರಾತ್ರಿ ಇನ್ನೂ ಬರದ ದಿನಗಳಲ್ಲಿ. ಚಳಿ ಹೋಗುವ ಮುಂಚೆ ವರ್ಷದ ಊಟವನ್ನೆಲ್ಲ ಮನೆಯೊಳಗೆ ತುಂಬಿಸಿಕೊಳ್ಳುವ ಕಾಲ ಇದು. ಈ ಕಾಲದಲ್ಲಿ ಆ ಗೀಟು ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ. ಅದರ ಬಗ್ಗೆಯೇ ಮಾತಾಡುತ್ತೇನೆ.

ಬೆಳಗಿನ ಜಾವ ಐದಕ್ಕೆ ಎದ್ದು ಊರೊಳಗೆ ಒಂದು ಸುತ್ತು ಬನ್ನಿ. ಇಬ್ಬನಿ ಬಿದ್ದಿರುತ್ತದೆ. ತಾತಂದಿರು ಕಂಬಳಿ ಹೊದ್ದು ಜಗುಲಿ ಮೇಲೆ ಕೂತಿರುತ್ತಾರೆ. ಕೊಟ್ಟಿಗೆಗಳಲ್ಲಿ ಲೈಟು ಉರಿಯುತ್ತಿರುತ್ತದೆ. ಆ ಲೈಟಿನ ಕೆಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡಿ. ಸಗಣಿ ಬಾಚಿ ತಿಪ್ಪೆಗೆ ಹಾಕಿ, ಕೆಚ್ಚಲು ತೊಳೆದು ಹಾಲು ಕರೆದು, ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ಕಳಿಸಿ, ಅದರ ಮಧ್ಯೆಯೇ ಬಚ್ಚಲ ಹಂಡೆಗೆ ಉರಿ ಹಾಕಿ, ಇಬ್ಬನಿಗೆ ತೊಯ್ದ ತೆಂಗಿನ ಮಟ್ಟೆ ಹತ್ತಿಕೊಳ್ಳದೆ ಹೊಗೆ ಕಾರುತ್ತಿದ್ದರೆ ಕಣ್ಣುಜ್ಜಿಕೊಂಡು ಊದಿ, ಸ್ಕೂಲಿಗೆ ಹೋಗುವ ಮಕ್ಕಳಿಗೆ ಬಿಸಿನೀರು ಕೊಡುವವಳು. ಉದ್ಯೋಗ: ಗೀಟು!

ಗಂಡಸರು ದುಡಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಾಲೆ ನೀರು ಸರದಿ ಮೇಲೆ ಬರುತ್ತದೆ. ಸರದಿ ಅರ್ಧರಾತ್ರಿಗೆ ಬಂದರೆ ಆ ಚಳಿಯಲ್ಲೇ ಟಾರ್ಚು ಹಿಡಿದು ಗದ್ದೆಗೆ ಹೋಗಿ ನೀರು ಕಟ್ಟಬೇಕು. ಅದು ಸುಲಭದ ಕೆಲಸವಲ್ಲ. ಆದರೆ ಆ ಕೆಲಸಕ್ಕೆ ವ್ಯವಸಾಯ ಅನ್ನುವ ಹೆಸರಿದೆ.

ಕಬ್ಬಿನ ವಿಷಯಕ್ಕೆ ಬನ್ನಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ನಾಲೆ ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಇಷ್ಟನ್ನು ನೀವೆಲ್ಲ ಓದಿದ್ದೀರಿ. ಚಳಿಗಾಲದಲ್ಲಿ ಕಬ್ಬಿಗೆ ಸಿಹಿ ಏರುತ್ತದೆ, ಆಲೆಮನೆಗಳ ಕಡೆಯಿಂದ ಬೆಲ್ಲ ಕಾಯುವ ವಾಸನೆ ಬರುತ್ತದೆ. ಕಬ್ಬು ಕಡಿಯುತ್ತಿರುವ ಗದ್ದೆಗೆ ಹೋಗಿ ನೋಡಿ. ಕಬ್ಬು ಟ್ರಾಕ್ಟರಿಗೆ ಹೋಗುತ್ತದೆ. ಅದರ ಸೋಗೆ ಹೆಂಗಸರ ತಲೆ ಮೇಲೆ ಹೊರೆಯಾಗಿ ಊರಿಗೆ ಬರುತ್ತದೆ. ಈ ತಿಂಗಳಲ್ಲಿ ಬದುವಿನ ಹುಲ್ಲು ಒಣಗಿರುತ್ತದೆ, ಹಸುವಿಗೆ ಸಿಗುವ ಹಸಿರು ಮೇವು ಅಂದರೆ ಹೆಚ್ಚಾಗಿ ಈ ಸೋಗೆಯೇ. ಅದರ ಅಂಚು ಗರಗಸದ ಹಾಗೆ ಕೊಯ್ಯುತ್ತದೆ. ಹೊರೆ ಇಳಿಸಿದವರ ಮುಂಗೈ ನೋಡಿ, ಸಣ್ಣ ಸಣ್ಣ ಗೀರು ಕಾಣುತ್ತವೆ. ಆ ಸೋಗೆ ತಿಂದ ಹಸು ಕೊಟ್ಟ ಹಾಲಿನ ದುಡ್ಡು ಯಾರ ಖಾತೆಗೆ ಬೀಳುತ್ತದೆ ಅಂತಲೂ ಕೇಳಿ.

ಸಂಕ್ರಾಂತಿಯಲ್ಲಿ ಮೈಸೂರು ಹತ್ತಿರದ ಸಿದ್ದಲಿಂಗಪುರದಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡೋಕೆ ನೀವು ಹೋಗಿರಬಹುದು. ಕಿಚ್ಚು ಹಾಯಿಸುವಾಗ ಹಗ್ಗ ಹಿಡಿದು ಓಡುವವರು ಗಂಡಸರು. ಉಳಿದ ದಿನ ಆ ದನಗಳ ಬಾಯಿಗೆ ಮೇವು ಹಾಕಿದ ಕೈಗಳು ಕಿಚ್ಚಿನ ಹತ್ತಿರ ಕಾಣುವುದಿಲ್ಲ, ಅಲ್ವಾ?

ಇನ್ನು ರಾಗಿ. ಕೊಯ್ದ ರಾಗಿ ಕೆಲವು ವಾರ ಮೆದೆಯಲ್ಲಿದ್ದು, ಚಳಿ ಇಳಿಯುವ ಹೊತ್ತಿಗೆ ಒಕ್ಕಣೆಗೆ ಬರುತ್ತದೆ. ಮೊದಲು ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹಾಕಿ ತುಳಿಸಿ, ಸಗಣಿ ಬಗ್ಗಡ ಬಳಿದು, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಈಗ ಮಷೀನು ಬಂದಿದೆ, ಇಲ್ಲವಾದರೆ ಟಾರು ರೋಡಿನ ಮೇಲೆ ಹರಡುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ, ಗುಡಿಸುವ ಹೆಂಗಸರ ಮೈಮೇಲೇ ಗಾಡಿಗಳು ಬರುತ್ತವೆ. ಇದು ನಿಲ್ಲಬೇಕು. ಊರಿಗೊಂದು ಸಿಮೆಂಟು ಕಣ ಇದ್ದರೆ ಎಷ್ಟೋ ಅನುಕೂಲ. ನಿಮ್ಮ ಶಿಬಿರದ ವರದಿಯಲ್ಲಿ ಬೇಡಿಕೆ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಇದನ್ನು ಬರೆಯಿರಿ.

ಮಷೀನಿಂದ ಬಂದ ಮೇಲೂ ರಾಗಿಯನ್ನು ಹಾಗೇ ಚೀಲಕ್ಕೆ ತುಂಬಲು ಬರುವುದಿಲ್ಲ. ಗಾಳಿ ನೋಡಿ ಮೊರದಲ್ಲಿ ತೂರಬೇಕು, ಕಲ್ಲು ಮಣ್ಣು ತೆಗೆಯಬೇಕು, ಬಿಸಿಲಿಗೆ ಒಣಗಿಸಬೇಕು, ಬಿತ್ತನೆಗೆ ಅಂತ ಒಳ್ಳೆಯದನ್ನು ಬೇರೆ ಎತ್ತಿಡಬೇಕು. ಇದೇ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಾವು ಮುದ್ದೆ ಮುರಿಯುವಾಗ ನೆನೆಯಬೇಕಾದ ಮನುಷ್ಯ ಅವರು. ಅಂಥ ಬೀಜವನ್ನು ಮುಂದಿನ ಮಳೆಯವರೆಗೆ ಹುಳು ಬೀಳದಂತೆ ಕಾಪಾಡಿಕೊಂಡು ಬಂದವರು ಮನೆಯ ಹೆಂಗಸರು. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುವುದನ್ನು ಇಲ್ಲಿನ ಅಜ್ಜಿಯರ ಹತ್ತಿರ ಕೇಳಿ ತಿಳಿದುಕೊಳ್ಳಿ. ಯಾವ ಮಣ್ಣು, ಎಷ್ಟು ನೀರು, ಎಷ್ಟು ಬಿಸಿಲು ಅಂತ ಅವರು ಬಾಯಲ್ಲೇ ಹೇಳುತ್ತಾರೆ. ಕಾಗದದ ಮೇಲೆ ಬರೆದಿಟ್ಟಿರುವುದಿಲ್ಲ.

ಅವರೆಕಾಯಿಯ ಕೊನೆ ದಿನಗಳಿವು. ನಿನ್ನೆ ರಾತ್ರಿ ನಿಮಗೆ ಹಿತಕವರೆ ಸಾರು ಬಡಿಸಿದರಂತೆ, ಎಲ್ಲರೂ ಎರಡೆರಡು ಮುದ್ದೆ ಹೊಡೆದಿರಂತೆ. ಬಹಳ ಸಂತೋಷ. ಅದು ಎಲೆಗೆ ಬಂದ ದಾರಿ ನೋಡಿ. ಮಧ್ಯಾಹ್ನ ಕೂತು ಕಾಯಿ ಸುಲಿಯಬೇಕು, ಹುಳುಕು ಆರಿಸಬೇಕು. ಕಾಳು ರಾತ್ರಿಯೆಲ್ಲ ನೆನೆಯಬೇಕು. ಮಾರನೇ ದಿನ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಒತ್ತಬೇಕು. ಒತ್ತಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಬೇಳೆ ಎರಡು ಹೋಳಾಗುತ್ತದೆ. ನಿಮ್ಮಷ್ಟು ಜನಕ್ಕೆ ಸಾರಾಗಬೇಕಾದರೆ ಎಷ್ಟು ಸಾವಿರ ಕಾಳು ಹಿಸುಕಿರಬೇಕು, ಯೋಚನೆ ಮಾಡಿ. ಸಂಜೆ ಹೊತ್ತಿಗೆ ಬೆರಳ ತುದಿ ನೆನೆದು ಸುಕ್ಕಾಗಿರುತ್ತದೆ. ಸಿಪ್ಪೆಯೂ ಹಾಳಾಗುವುದಿಲ್ಲ, ಹಸುವಿಗೆ ಹೋಗುತ್ತದೆ.

ಹಾಗೆ ಹಿಸುಕುತ್ತಾ ಕೂತಾಗಲೇ ಮನೆಯ ದೊಡ್ಡ ವಿಷಯಗಳೂ ಆಗುವುದು. ಮಗಳನ್ನು ಮಂಡ್ಯದ ಕಾಲೇಜಿಗೆ ಕಳಿಸುವುದು, ಮಗನಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವುದು, ಕಬ್ಬಿನ ದುಡ್ಡು ಬಂದರೆ ಮೊದಲು ಯಾವ ಸಾಲ ತೀರಿಸಬೇಕು ಅನ್ನುವುದು. ಅತ್ತೆ, ಸೊಸೆ, ಪಕ್ಕದ ಮನೆಯ ಚಿಕ್ಕವ್ವ ಕೂತು ಅರ್ಧ ತೀರ್ಮಾನ ಅಲ್ಲೇ ಮಾಡಿರುತ್ತಾರೆ. ರಾತ್ರಿ ಯಜಮಾನರು ಅದನ್ನೇ ತಮ್ಮ ತೀರ್ಮಾನ ಅಂತ ಹೇಳುತ್ತಾರೆ.

ಇದೆಲ್ಲ ನನ್ನ ಕಣ್ಣಿಗೆ ಕಂಡದ್ದು ಮಾತ್ರ ಅಂದುಕೊಳ್ಳಬೇಡಿ. 2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹಸು ನೋಡಿಕೊಳ್ಳುವುದು, ಗದ್ದೆ ಕೆಲಸ ಈ ಲೆಕ್ಕದಲ್ಲಿ ಸೇರಿಲ್ಲ, ಅದು ಬೇರೆ. ಈ ಊರಿನ ಸುಗ್ಗಿ ತಿಂಗಳಲ್ಲಿ ಎರಡನ್ನೂ ಕೂಡಿಸಿದರೆ ಆಕೆಗೆ ಮಲಗಲು ಎಷ್ಟು ಉಳಿಯುತ್ತದೆ ಅಂತ ನೀವೇ ಕೇಳಿ ಬರೆದುಕೊಳ್ಳಿ.

ಕಾಗದದ ಮೇಲೆ ಹೆಸರಿರುವುದು ಸಣ್ಣ ವಿಷಯ ಅಲ್ಲ. ಪಹಣಿ ಗಂಡಸಿನ ಹೆಸರಲ್ಲಿದ್ದರೆ ಬೆಳೆ ಸಾಲವೂ ಪರಿಹಾರವೂ ಅವನ ಹೆಸರಿಗೇ ಬರುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ತಿಂಗಳಿಗೆ 2000 ರೂಪಾಯಿ ನೇರ ಮನೆಯ ಯಜಮಾನಿಯ ಖಾತೆಗೆ. ಆ ದುಡ್ಡಿನ ಬಗ್ಗೆ ಯಾರು ಏನೇ ಅನ್ನಲಿ, ಒಂದು ಸರ್ಕಾರಿ ಕಾಗದ ಆಕೆಯನ್ನು ಯಜಮಾನಿ ಅಂತ ಕರೆಯಿತು. ಹೆಂಗಸರೇ ಸದಸ್ಯರಾಗಿರುವ ಹಾಲು ಉತ್ಪಾದಕರ ಸಂಘಗಳೂ ಇವೆ, ಅಲ್ಲಿ ಹಾಲಿನ ಪಾಸ್‌ಬುಕ್ಕೂ ಆಕೆಯದೇ. ಇದು ಇನ್ನೂ ಜಾಸ್ತಿ ಆಗಬೇಕು. ಅದಕ್ಕೆ ನಿಮ್ಮ ಫಾರಂ ಕೂಡ ಒಂದು ಕಾಗದವೇ.

ಹಾಗಾಗಿ ಇವತ್ತು ಮಧ್ಯಾಹ್ನ ಆ ಮನೆಗಳಿಗೆ ಇನ್ನೊಮ್ಮೆ ಹೋಗಿ. ಊಟ ಮುಗಿದು ಅವರೆಕಾಯಿ ಸುಲಿಯಲು ಕೂರುವ ಹೊತ್ತಿಗೆ ಹೋಗಿ, ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಬೇಡ. ಹುಡುಗರೂ ಕೂತು ಸುಲಿಯಿರಿ. "ಅಕ್ಕಾ, ನೀವೇನು ಕೆಲಸ ಮಾಡ್ತೀರಿ?" ಅಂತ ಕೇಳಬೇಡಿ. "ಬೆಳಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ ಅಕ್ಕಾ?" ಅಂತ ಕೇಳಿ. ಅವರು ಹೇಳಿದ್ದನ್ನೆಲ್ಲ ಬರೆಯಿರಿ. ಕಾಲಂನಲ್ಲಿ ಜಾಗ ಸಾಲದಿದ್ದರೆ ಫಾರಂ ಹಿಂದುಗಡೆ ಖಾಲಿ ಇದೆ.