ಸಂಯುಗ್ಮ ಪ್ರತ್ಯಾಮ್ಲವನ್ನು ಗುರುತಿಸುವುದು ಹೇಗೆ?

ನಮಸ್ಕಾರ. ಸಂಯುಗ್ಮ ಪ್ರತ್ಯಾಮ್ಲವನ್ನು ಬರೆಯುವಾಗ ವಿದ್ಯಾರ್ಥಿಗಳು ಎಡವುವುದು ಹೈಡ್ರೋಜನ್ ತೆಗೆಯುವಲ್ಲಿ ಅಲ್ಲ, ಆವೇಶದ ಲೆಕ್ಕದಲ್ಲಿ ಎಂಬುದು ನನ್ನ ಅನಿಸಿಕೆ. ಹಾಗಾಗಿ ಇಂದು ಆ ಲೆಕ್ಕವನ್ನೇ ನಿಧಾನವಾಗಿ ನೋಡೋಣ.

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಪ್ರತ್ಯೇಕವಾಗಿಯೇ ಕೆಲಸ ಮಾಡಿ, ಪ್ರೋಟಾನ್ (ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಕೊಡುವುದು ಆಮ್ಲ, ಅದನ್ನು ಪಡೆಯುವುದು ಪ್ರತ್ಯಾಮ್ಲ ಎಂಬ ವಿವರಣೆಯನ್ನು ಮುಂದಿಟ್ಟರು. ಆಮ್ಲವು ಒಂದು ಪ್ರೋಟಾನನ್ನು ಕೊಟ್ಟ ಮೇಲೆ ಉಳಿಯುವ ಭಾಗಕ್ಕೆ ಅದನ್ನು ಮರಳಿ ಪಡೆಯುವ ಸಾಮರ್ಥ್ಯವಿರುವುದರಿಂದ, ಆ ಭಾಗವೇ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ.

[ಪರದೆಯ ಮೇಲೆ: ಅಸಿಟಿಕ್ ಆಮ್ಲದ ಅಣುರಚನೆ]

ಈ ಅಣುವಿನಲ್ಲಿ ನಾಲ್ಕು ಹೈಡ್ರೋಜನ್‌ಗಳಿವೆ. ಮೂರು ಕಾರ್ಬನ್ನಿಗೆ ಅಂಟಿಕೊಂಡಿವೆ, ಅವುಗಳನ್ನು ಮುಟ್ಟಬೇಡಿ. ಆಕ್ಸಿಜನ್ನಿಗೆ ಅಂಟಿಕೊಂಡಿರುವ ನಾಲ್ಕನೆಯದೇ ನೀರಿನಲ್ಲಿ ಪ್ರೋಟಾನ್ ಆಗಿ ಹೊರಡುತ್ತದೆ. ಹೊರಡುವಾಗ ಅದು ಬಂಧದ ಎರಡೂ ಎಲೆಕ್ಟ್ರಾನುಗಳನ್ನು ಅಲ್ಲಿಯೇ ಬಿಟ್ಟು ಹೋಗುವುದರಿಂದ, ಉಳಿಯುವ ಅಸಿಟೇಟ್ ಅಯಾನಿಗೆ ಒಂದು ಋಣ ಆವೇಶ ಬರುತ್ತದೆ. ಆ ಆವೇಶವು ಎರಡು ಆಕ್ಸಿಜನ್‌ಗಳ ನಡುವೆ ಸಮನಾಗಿ ಹಂಚಿಹೋಗುತ್ತದೆ. ಅಯಾನು ಸ್ಥಿರವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಒಂದು ಪ್ರೋಟಾನ್ ಹೋದರೆ ಆವೇಶವೂ ಒಂದು ಕಡಿಮೆಯಾಗಲೇಬೇಕು. ಧನ ಒಂದು ಆವೇಶವಿರುವ ಅಮೋನಿಯಂ ಅಯಾನಿನಿಂದ ಪ್ರೋಟಾನ್ ತೆಗೆದರೆ ಆವೇಶವೇ ಇಲ್ಲದ ಅಮೋನಿಯ ಉಳಿಯುತ್ತದೆ. ಪ್ರತ್ಯಾಮ್ಲವೆಂದರೆ ಋಣ ಅಯಾನೇ ಆಗಿರಬೇಕೆಂದು ಭಾವಿಸಿದವರು ಇಲ್ಲಿ ಅನುಮಾನಪಡುತ್ತಾರೆ, ಆದರೆ ಉತ್ತರ ಸರಿಯಾಗಿಯೇ ಇದೆ.

ಇನ್ನು ಬೈಕಾರ್ಬೊನೇಟ್. ಇದು ಪ್ರೋಟಾನ್ ಕೊಡಲೂ ಬಲ್ಲದು, ಪಡೆಯಲೂ ಬಲ್ಲದು. ಆದ್ದರಿಂದ ಪ್ರಶ್ನೆಯನ್ನು ಎರಡು ಬಾರಿ ಓದಿ. ಅದರ ಸಂಯುಗ್ಮ ಪ್ರತ್ಯಾಮ್ಲವನ್ನು ಕೇಳಿದ್ದರೆ ಉಳಿದಿರುವ ಹೈಡ್ರೋಜನ್ನನ್ನೂ ತೆಗೆಯಬೇಕು: ಆಗ ಋಣ ಒಂದು ಋಣ ಎರಡಾಗಿ ಕಾರ್ಬೊನೇಟ್ ಸಿಗುತ್ತದೆ. ಕಾರ್ಬಾನಿಕ್ ಆಮ್ಲ ಎಂದು ಬರೆದರೆ ಪ್ರೋಟಾನನ್ನು ಸೇರಿಸಿದಂತಾಯಿತು, ಅದು ಸಂಯುಗ್ಮ ಆಮ್ಲ. ಸಲ್ಫ್ಯೂರಿಕ್ ಆಮ್ಲದ ವಿಷಯದಲ್ಲಿಯೂ ಆತುರ ಬೇಡ; ಒಂದು ಹೆಜ್ಜೆಗೆ ಒಂದೇ ಪ್ರೋಟಾನ್, ಆದ್ದರಿಂದ ಉತ್ತರ ಬೈಸಲ್ಫೇಟ್, ಸಲ್ಫೇಟ್ ಅಲ್ಲ.

[ಪರದೆಯ ಮೇಲೆ: ಎರಡು ಬೀಕರುಗಳು]

ಆಮ್ಲ ಪ್ರಬಲವಾದಷ್ಟೂ ಅದರ ಸಂಯುಗ್ಮ ಪ್ರತ್ಯಾಮ್ಲ ದುರ್ಬಲ. ಹೈಡ್ರೋಕ್ಲೋರಿಕ್ ಆಮ್ಲದಿಂದ ಉಳಿಯುವ ಕ್ಲೋರೈಡ್ ನೀರಿನಿಂದ ಪ್ರೋಟಾನನ್ನು ಪಡೆಯುವುದೇ ಇಲ್ಲವೆನ್ನಬಹುದು, ಹೀಗಾಗಿ ಸೋಡಿಯಂ ಕ್ಲೋರೈಡ್ ದ್ರಾವಣ ತಟಸ್ಥವಾಗಿರುತ್ತದೆ. ದುರ್ಬಲವಾದ ಅಸಿಟಿಕ್ ಆಮ್ಲದಿಂದ ಬಂದ ಅಸಿಟೇಟ್ ಮಾತ್ರ ಅಲ್ಪ ಪ್ರಮಾಣದಲ್ಲಿ ಪಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.1 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಣದ ಪಿಎಚ್ ತಟಸ್ಥ ಮಟ್ಟವಾದ 7ಕ್ಕಿಂತ ಹೆಚ್ಚಾಗಿ, ಸುಮಾರು 8.9 ಇರುವುದು ಇದರಿಂದಲೇ.