ಕರೆಂಟ್ ಬಂದು ಹಾಡು ಕೆಟ್ಟಿತಾ? ರಾಕ್‌ಗೆ ಬಂದ ಒಂದು ಜಾನಪದ ಹಾಡಿನ ಕಥೆ

ನಮಸ್ಕಾರ. ಜಾನಪದ ಹಾಡನ್ನು ರಾಕ್ ಬ್ಯಾಂಡ್ ಕೈಗೆತ್ತಿಕೊಂಡರೆ ಹಾಡೇ ಕೆಟ್ಟುಹೋಗುತ್ತದೆ ಅನ್ನುವವರು ಬಹಳ ಜನ. ಎಲೆಕ್ಟ್ರಿಕ್ ಗಿಟಾರ್ ಕಂಡರೇ ಅವರಿಗೆ ಆಗುವುದಿಲ್ಲ. ನನಗೆ ಎರಡೂ ಪ್ರಾಣ. ಹಾಗಾಗಿ ಇವತ್ತು ಒಂದೇ ಹಾಡಿನ ಬೆನ್ನು ಹಿಡಿದು ಹೋಗೋಣ: 'ಹೌಸ್ ಆಫ್ ದ ರೈಸಿಂಗ್ ಸನ್'.

[ಧ್ವನಿ: ಹಳೆಯ ರೆಕಾರ್ಡ್‌ನ ಕರಕರ ಸದ್ದು]

ಇದು ಅಮೆರಿಕದ ಹಾಡು. ಕಟ್ಟಿದವರ ಹೆಸರಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಮನೆ, ಅಲ್ಲಿಗೆ ಹೋಗಿ ಹಾಳಾದ ಒಂದು ಜೀವ. ಕಥೆ ಅಷ್ಟೇ. 1933ರಲ್ಲಿ ಕ್ಲಾರೆನ್ಸ್ ಆಶ್ಲಿ ಇದನ್ನು ಹಾಡಿ ರೆಕಾರ್ಡ್ ಮಾಡಿದರು. ಅಲ್ಲಿ ಹಾಳಾಗುವವರು ಹುಡುಗರು.

1937ರಲ್ಲಿ ಆಲನ್ ಲೋಮ್ಯಾಕ್ಸ್ ಊರೂರು ಸುತ್ತಿ ಹಾಡು ಸಂಗ್ರಹಿಸುತ್ತಾ ಕೆಂಟಕಿಯ ಮಿಡಲ್ಸ್‌ಬರೊಗೆ ಬಂದರು. ಅಲ್ಲಿ ಜಾರ್ಜಿಯಾ ಟರ್ನರ್ ಎಂಬ 16 ವರ್ಷದ ಹುಡುಗಿ, ಗಣಿ ಕೆಲಸಗಾರನ ಮಗಳು, ಇದೇ ಹಾಡು ಹಾಡಿದಳು. ಅವಳ ಬಾಯಲ್ಲಿ ಹಾಳಾಗುವುದು ಹುಡುಗಿ. ಬಟ್ಟೆ ಹೊಲಿಯುವ ತಾಯಿ, ಕುಡುಕ ಪ್ರಿಯಕರ. ನಾನು ಮಾಡಿದ್ದನ್ನು ನೀನು ಮಾಡಬೇಡ ಅಂತ ತಂಗಿಗೆ ಹೇಳಿಕಳಿಸುತ್ತಾಳೆ. 16 ವರ್ಷದ ದನಿಯಲ್ಲಿ ಆ ಮಾತು ಕೇಳಿದರೆ ಹೊಟ್ಟೆ ಕಲಸುತ್ತದೆ.

ಮುಂದೆ ಗಾಯಕಿ ಜೋನ್ ಬಯೆಜ್ 1960ರ ತಮ್ಮ ಮೊದಲ ಆಲ್ಬಂನಲ್ಲಿ ಇದನ್ನು ಹಾಡಿದರು. 1962ರಲ್ಲಿ ಜಾನಪದ ಗಾಯಕ ಬಾಬ್ ಡಿಲನ್ ಕೂಡ ತಮ್ಮ ಮೊದಲ ಆಲ್ಬಂನಲ್ಲಿ ಹಾಡಿದರು. ಹಾಡುವವರು ಗಂಡಸಾದರೂ ಕಥೆಯನ್ನು ಹುಡುಗಿಯದಾಗಿಯೇ ಉಳಿಸಿಕೊಂಡರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

[ಪರದೆಯ ಮೇಲೆ: 1964, ಮೇ 18, ಲಂಡನ್]

ಈಗ ಬರುತ್ತಾರೆ 'ದಿ ಆನಿಮಲ್ಸ್'. ನ್ಯೂಕ್ಯಾಸಲ್‌ನ ಬ್ಯಾಂಡ್, ಐದು ಜನ. ಸ್ಟುಡಿಯೋದಲ್ಲಿ ಒಂದೇ ಟೇಕ್‌ನಲ್ಲಿ ಮುಗಿಸಿದರು.

ಶುರುವಾಗುವುದೇ ಹಿಲ್ಟನ್ ವ್ಯಾಲೆಂಟೈನ್ ಗಿಟಾರ್‌ನಿಂದ. ಎ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವುದಿಲ್ಲ. ಒಂದೊಂದೇ ತಂತಿ ಮೀಟುತ್ತಾರೆ. ದನಿ ಮೇಲಕ್ಕೆ ಹತ್ತಿ, ಮತ್ತೆ ಕೆಳಕ್ಕಿಳಿದು, ಗಾಣ ತಿರುಗಿದ ಹಾಗೆ ಸುತ್ತುತ್ತಲೇ ಇರುತ್ತದೆ. ಎರಿಕ್ ಬರ್ಡನ್ ತಗ್ಗು ದನಿಯಲ್ಲಿ ಶುರು ಮಾಡುತ್ತಾರೆ. ನಡುವೆ ಆಲನ್ ಪ್ರೈಸ್ ಮುಂದೆ ನಿಂತು ನುಡಿಸುವ ಆರ್ಗನ್ ಸೋಲೊ. ಅದು ಮುಗಿದ ಮೇಲೆ ಬರ್ಡನ್ ಹಾಡುತ್ತಿಲ್ಲ, ಕೂಗುತ್ತಿದ್ದಾರೆ. ಆ ಸುತ್ತಿನಿಂದ ಹೊರಗೆ ಬರಲು ದಾರಿಯಿಲ್ಲ ಅನ್ನುವುದು ಗಿಟಾರ್‌ನಿಂದಲೇ ಗೊತ್ತಾಗುತ್ತದೆ. ಇದನ್ನು ಕೆಡಿಸುವುದು ಅಂತ ಹೇಗೆ ಹೇಳುವುದು? ಹಾಡಿನ ಒಳಗಿದ್ದ ಹೆದರಿಕೆ ಕರೆಂಟ್ ಸಿಕ್ಕಿ ಹೊರಗೆ ಬಂತು, ಅಲ್ವಾ?

ನಾಲ್ಕೂವರೆ ನಿಮಿಷದ ಈ ಹಾಡು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು. ಅಂದಹಾಗೆ, ಐದು ಜನ ಸೇರಿ ಕಟ್ಟಿದ್ದಕ್ಕೆ ಹಾಡನ್ನು ಹೊಂದಿಸಿದವರು ಅಂತ ರೆಕಾರ್ಡ್ ಮೇಲೆ ಅಚ್ಚಾದದ್ದು ಪ್ರೈಸ್ ಹೆಸರೊಂದೇ. ರಾಯಲ್ಟಿಯೂ ಅವರಿಗೇ ಹೋಯಿತು. ಉಳಿದ ನಾಲ್ವರ ಪರವಾಗಿ ನನಗೆ ಈಗಲೂ ಬೇಜಾರಿದೆ.

ಆದರೆ ಇಲ್ಲಿ ಹುಡುಗಿ ಇಲ್ಲ. ಹಾಳಾಗುವವನು ಹುಡುಗ. ಪ್ರಿಯಕರನ ಜಾಗಕ್ಕೆ ಜೂಜುಕೋರ ಅಪ್ಪ ಬಂದಿದ್ದಾನೆ. ಆಶ್ಲಿ ಹಾಡಿನಲ್ಲೂ ಹುಡುಗರೇ ಇದ್ದರು ನಿಜ. ಹಾಗಾಗಿ ಇದನ್ನು ತಪ್ಪು ಅನ್ನಲಾರೆ. ಆದರೆ ಲೋಕಕ್ಕೆಲ್ಲ ಮುಟ್ಟಿದ್ದು ಈ ಹಾಡೇ. ಟರ್ನರ್ ಹಾಡಿದ ಹುಡುಗಿಯ ದುಃಖ ಹಿಂದೆ ಉಳಿಯಿತು.

ಇಷ್ಟು ದೊಡ್ಡ ಬದಲಾವಣೆ ಬಿಟ್ಟು ಜನ ಜಗಳವಾಡಿದ್ದು ಗಿಟಾರ್ ಬಗ್ಗೆ! 1965ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದರು. ಸಭೆಯಲ್ಲಿ ಒಂದಷ್ಟು ಜನ ಕೂಗಾಡಿದರು. ಮರುವರ್ಷ ಮೇನಲ್ಲಿ ಮ್ಯಾಂಚೆಸ್ಟರ್ ಕಛೇರಿಯಲ್ಲಿ ಒಬ್ಬ 'ಜೂಡಾಸ್' ಅಂತಲೇ ಕಿರುಚಿದ. ಯೇಸುವಿಗೆ ದ್ರೋಹ ಮಾಡಿದವನ ಹೆಸರು ಅದು. ಆ ಕಛೇರಿಯ ರೆಕಾರ್ಡಿಂಗ್ 1998ರಲ್ಲಿ ಅಧಿಕೃತವಾಗಿ ಬಂತು. ಕಿರುಚಿದ ಮೇಲೆ ಬ್ಯಾಂಡ್ ಹೇಗೆ ನುಗ್ಗುತ್ತದೆ ಅಂತ ಒಮ್ಮೆ ಕೇಳಿ.

ಕರೆಂಟ್‌ನಿಂದ ಕಥೆ ಸಾಯುತ್ತದೆ ಅನ್ನುವವರಿಗೆ ನಾನು ಕೊಡುವುದು 1969ರ 'ಲೀಜ್ ಅಂಡ್ ಲೀಫ್' ಆಲ್ಬಂ. ಇಂಗ್ಲೆಂಡಿನ 'ಫೇರ್‌ಪೋರ್ಟ್ ಕನ್ವೆನ್ಷನ್' ಬ್ಯಾಂಡಿನದು. ಅದೇ ವರ್ಷ ಮೇನಲ್ಲಿ ವ್ಯಾನ್ ಅಪಘಾತವಾಗಿ ಅವರ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡಿದ್ದರು. ಅಂಥ ನೋವಿನ ನಡುವೆ ಇಂಗ್ಲೆಂಡಿನ ಹಳೆಯ ಕಥನಗೀತೆಗಳ ಕಡೆ ತಿರುಗಿದರು. ಅದರಲ್ಲಿನ 'ಮ್ಯಾಟಿ ಗ್ರೋವ್ಸ್' ಎಂಟು ನಿಮಿಷದ ಹಾಡು. ಪ್ರೇಮ, ಕೊಲೆ ಎಲ್ಲವನ್ನೂ ಬ್ಯಾಂಡಿನ ಗಾಯಕಿ ಸ್ಯಾಂಡಿ ಡೆನಿ ಸಾವಧಾನವಾಗಿ ಹೇಳಿ ಮುಗಿಸುತ್ತಾರೆ. ಆಮೇಲಷ್ಟೇ ಗಿಟಾರ್, ಪಿಟೀಲು ಓಡಲು ಶುರು.

'ರೈಸಿಂಗ್ ಸನ್'ಗೆ ವಾಪಸ್ ಬಂದರೆ, 1980ರ ಒಂದು ಆಲ್ಬಂನಲ್ಲಿ ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಇದನ್ನು ಮತ್ತೆ ಹೆಣ್ಣಿನ ಕಥೆಯಾಗಿಯೇ ಹಾಡಿದ್ದಾರೆ. ಟರ್ನರ್, ಡಿಲನ್, ಆನಿಮಲ್ಸ್, ಪಾರ್ಟನ್. ಈ ನಾಲ್ಕನ್ನೂ ಇದೇ ಸಾಲಿನಲ್ಲಿ, ಒಂದೇ ಕೂರಿಕೆಯಲ್ಲಿ ಕೇಳಿ. ಹಾಡುತ್ತಿರುವುದು ಯಾರ ಕಥೆ ಅನ್ನುವುದರ ಮೇಲೆ ಕಿವಿ ಇಡಿ.