ಕಾಣದ ಹುಲಿಯನ್ನು ಎಣಿಸೋದು ಹೇಗೆ? ಉಲ್ಲಾಸ ಕಾರಂತರ ಲೆಕ್ಕ

[ಪರದೆ ಮೇಲೆ ದೊಡ್ಡದಾಗಿ: 563]

ನಮಸ್ಕಾರ. ಕರ್ನಾಟಕದಲ್ಲಿ 563 ಹುಲಿಗಳಿವೆ ಅಂತ 2022ರ ಗಣತಿ ಹೇಳುತ್ತದೆ. ಹಾಗಂತ ಯಾರೂ ಕಾಡಿಗೆ ಹೋಗಿ ಒಂದು, ಎರಡು, ಮೂರು ಅಂತ ಎಣಿಸಿಲ್ಲ. ಎಣಿಸೋಕೆ ಆಗೋದೂ ಇಲ್ಲ. ಹಾಗಾದರೆ ಇಂಥ ಸಂಖ್ಯೆ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಡಾ. ಉಲ್ಲಾಸ ಕಾರಂತ. ಹೌದು, ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು, ಕೆಲಸ ಮಾಡಿದರು. ಆಮೇಲೆ ಅದನ್ನು ಬಿಟ್ಟು ನಾಗರಹೊಳೆ ಹತ್ತಿರ ಬೇಸಾಯಕ್ಕೆ ಇಳಿದರು. ವನ್ಯಜೀವಿ ವಿಜ್ಞಾನದ ಪದವಿ ಓದಲು ಫ್ಲೋರಿಡಾಗೆ ಹೋದಾಗ ಅವರಿಗೆ ಮೂವತ್ತು ದಾಟಿತ್ತು. ತಡವಾಯ್ತು ಅನ್ನಿಸಬಹುದು. ಆದರೆ ಎಂಜಿನಿಯರ್ ತಲೆ ಇಲ್ಲಿ ಉಪಯೋಗಕ್ಕೆ ಬಂತು ಅಂತ ನನಗನ್ನಿಸುತ್ತದೆ.

[ದೃಶ್ಯ: ಮಣ್ಣಿನ ಮೇಲೆ ಹುಲಿಯ ಹೆಜ್ಜೆ, ಅದರ ಮೇಲೆ ಗಾಜಿನ ಹಾಳೆ]

ಆಗ ಹುಲಿ ಗಣತಿ ನಡೆಯುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಸಿಬ್ಬಂದಿ ಕಾಡೆಲ್ಲ ಸುತ್ತಿ, ಸಿಕ್ಕ ಹೆಜ್ಜೆಯ ಮೇಲೆ ಗಾಜಿಟ್ಟು ಅದರ ಆಕಾರ ಬರೆದುಕೊಳ್ಳುತ್ತಿದ್ದರು. ಹೆಜ್ಜೆ ನೋಡಿದರೆ ಸಾಕು, ಯಾವ ಹುಲಿ ಅಂತ ಹೇಳಬಹುದು ಅನ್ನೋ ನಂಬಿಕೆ. ಕಾರಂತರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಕೆಲವೇ ಹುಲಿಗಳ ಹೆಜ್ಜೆ ಗುರುತುಗಳನ್ನು ಅನುಭವಿ ಅಧಿಕಾರಿಗಳ ಮುಂದಿಟ್ಟರು. ಇವು ಎಷ್ಟು ಹುಲಿಗಳದ್ದು ಹೇಳಿ ಅಂದರು. ಒಬ್ಬೊಬ್ಬರದು ಒಂದೊಂದು ಉತ್ತರ. ಇದ್ದದ್ದಕ್ಕಿಂತ ಜಾಸ್ತಿ ಹುಲಿಗಳು ಕಾಗದದ ಮೇಲೆ ಹುಟ್ಟಿಕೊಂಡವು! ಒಂದೇ ಕಾಲು ಮರಳಿನಲ್ಲಿ ಒಂಥರಾ, ಕೆಸರಿನಲ್ಲಿ ಇನ್ನೊಂಥರಾ ಮೂಡುತ್ತದೆ ಅಲ್ವಾ?

ಪಟ್ಟೆ ಹಾಗಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರೋದಿಲ್ಲ. ಅದರ ಎಡ ಮೈಗೂ ಬಲ ಮೈಗೂ ಕೂಡ ಹೊಂದೋದಿಲ್ಲ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಟ್ರ್ಯಾಪ್ ಕಟ್ಟಬೇಕು. ಹುಲಿ ದಾಟಿದಾಗ ಅದು ತಾನೇ ಫೋಟೋ ತೆಗೆಯುತ್ತದೆ. 1990ರ ದಶಕದ ಶುರುವಿನಲ್ಲಿ ನಾಗರಹೊಳೆಯಲ್ಲಿ ಕಾರಂತರು ಮಾಡಿದ್ದು ಇದನ್ನೇ.

ಆದರೆ ಕ್ಯಾಮೆರಾಗೆ ಸಿಗದೇ ಹೋದ ಹುಲಿಗಳ ಗತಿ ಏನು? ಅಸಲಿ ಕಥೆ ಇರೋದು ಇಲ್ಲಿ.

[ಪರದೆ ಮೇಲೆ: 20 × 20 ÷ 10 = 40]

ಮೊದಲ ಸುತ್ತಿನಲ್ಲಿ 20 ಹುಲಿಗಳ ಫೋಟೋ ಸಿಕ್ಕಿತು ಅಂದುಕೊಳ್ಳಿ. ಎರಡನೇ ಸುತ್ತಿನಲ್ಲೂ 20. ಅದರಲ್ಲಿ 10 ಮಾತ್ರ ಹಳೇ ಮುಖಗಳು. ಅಂದರೆ ನಮಗೆ ಗೊತ್ತಿದ್ದ 20ರಲ್ಲಿ ಅರ್ಧ ಮಾತ್ರ ಮತ್ತೆ ಸಿಕ್ಕವು. ಒಂದು ಸುತ್ತಿಗೆ ಕಾಡಿನ ಅರ್ಧ ಹುಲಿಗಳು ಮಾತ್ರ ಸಿಗುತ್ತವೆ ಅಂತಾಯ್ತು. ಹಾಗಾದರೆ ಒಟ್ಟು ಸುಮಾರು 40. ಮೀನು, ಹಕ್ಕಿಗಳ ಲೆಕ್ಕಕ್ಕೆ ಈ ಗಣಿತ ಮೊದಲೇ ಬಳಕೆಯಲ್ಲಿತ್ತು. ಅದನ್ನು ಹುಲಿಯ ಪಟ್ಟೆಗೆ ಜೋಡಿಸಿ ಕಾರಂತರು 1995ರಲ್ಲಿ ಪ್ರಬಂಧ ಬರೆದರು. 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಕಾನ್ಹಾ, ಕಾಜಿರಂಗಾ, ಪೆಂಚ್, ನಾಗರಹೊಳೆ ನಾಲ್ಕೂ ಕಾಡುಗಳಿಗೆ ಲೆಕ್ಕ ಹಾಕಿದರು. ಆಮೇಲೆ ಚಿರತೆ, ಹಿಮಚಿರತೆ, ಅಮೆರಿಕದ ಜಾಗ್ವಾರ್ ಹೀಗೆ ಮೈಮೇಲೆ ಗುರುತಿರುವ ಬೆಕ್ಕುಗಳಿಗೆಲ್ಲ ಇದೇ ದಾರಿ ಬಳಕೆಗೆ ಬಂತು.

ಅವರ ಇನ್ನೊಂದು ಕೆಲಸ ಹುಲಿಯ ಊಟದ್ದು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಪ್ರಾಣಿ ಬೇಕು. ಜಿಂಕೆ, ಕಡವೆ, ಕಾಟಿ ಹೀಗೆ. ಕಾಡಿನ ಬೇಟೆ ಪ್ರಾಣಿಗಳಲ್ಲಿ ಹತ್ತರಲ್ಲಿ ಒಂದು ಹುಲಿ ಪಾಲಾಗುತ್ತದೆ ಅಂತಿಟ್ಟುಕೊಂಡರೆ, ಒಂದು ಹುಲಿ ಬದುಕಲು 500 ಪ್ರಾಣಿಗಳ ಹಿಂಡು ಬೇಕು. 2004ರ ಪ್ರಬಂಧದಲ್ಲಿ ಈ ಸಂಬಂಧವನ್ನು ದೇಶದ ಬೇರೆ ಬೇರೆ ಕಾಡುಗಳ ಲೆಕ್ಕದೊಂದಿಗೆ ತಾಳೆ ನೋಡಿದರು. ಹುಲಿಗೆ ಗುಂಡು ಹೊಡೆಯೋದೇ ಬೇಡ, ಕಡವೆ ಬೇಟೆ ಆಡುತ್ತಾ ಹೋದರೂ ಹುಲಿ ಖಾಲಿ.

2006ರಲ್ಲಿ ಬಂದ ಪ್ರಬಂಧ ನನಗೆ ಇನ್ನೂ ಇಷ್ಟ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಸಿಕ್ಕ ಫೋಟೋಗಳ ಲೆಕ್ಕ ಅದು. ಅಷ್ಟು ಚೆನ್ನಾಗಿ ಕಾಯ್ದ ಕಾಡಿನಲ್ಲೂ ವರ್ಷಕ್ಕೆ ಶೇಕಡಾ 23ರಷ್ಟು ಹುಲಿಗಳು ಸಾಯುತ್ತಿದ್ದವು, ಇಲ್ಲಾ ಬಿಟ್ಟು ಹೋಗುತ್ತಿದ್ದವು. ಆದರೂ ಸಂಖ್ಯೆ ಕುಸಿಯಲಿಲ್ಲ. ಹೊಸ ಹುಲಿಗಳು ಜಾಗ ತುಂಬುತ್ತಿದ್ದವು. ಹುಲಿ ಸತ್ತ ಸುದ್ದಿ ಬಂದಾಗಲೆಲ್ಲ ಗಾಬರಿಯಾಗೋ ನಾವು ಇದನ್ನು ಓದಬೇಕು.

ಎಲ್ಲರೂ ಅವರನ್ನು ಒಪ್ಪುತ್ತಾರೆ ಅಂತೇನಿಲ್ಲ. ಕಾಡಿನೊಳಗಿನ ಹಾಡಿಗಳ ಸ್ಥಳಾಂತರವನ್ನು ಬೆಂಬಲಿಸಿದ್ದಕ್ಕೆ ಆದಿವಾಸಿ ಹಕ್ಕುಗಳ ಪರ ಇರುವವರು ಅವರನ್ನು ಟೀಕಿಸಿದ್ದಾರೆ. ಅದು ಬೇರೆಯೇ ವಿಡಿಯೋ ಆಗುವಷ್ಟು ದೊಡ್ಡ ವಿಷಯ.

[ದೃಶ್ಯ: ಭಾರತದ ನಕ್ಷೆ, ಹುಲಿ ಕಾಡುಗಳು ಹಸಿರಿನಲ್ಲಿ]

ಸರ್ಕಾರದ ಜೊತೆಗೂ ತಕರಾರು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾ ಹುಲಿ ಕಾಡಿನಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ಗೊತ್ತಾಯ್ತು. ಹೆಜ್ಜೆ ಲೆಕ್ಕದ ಮೇಲಿನ ನಂಬಿಕೆ ಹೋಗಿ, ಅದರ ಕಾಲ ಮುಗಿಯಿತು. ಮುಂದಿನ ರಾಷ್ಟ್ರೀಯ ಗಣತಿಯಲ್ಲಿ ಕ್ಯಾಮೆರಾ ಬಂತು. ಆದರೂ ಕಾರಂತರು ಸುಮ್ಮನಾಗಲಿಲ್ಲ. ಸ್ವಲ್ಪ ಕಾಡಿನಲ್ಲಿ ಫೋಟೋ ತೆಗೆದು, ಉಳಿದ ಕಾಡಿಗೆ ಹೆಜ್ಜೆ, ಮಲದಂಥ ಕುರುಹುಗಳಿಂದ ಅಂದಾಜು ಮಾಡೋದರಲ್ಲಿ ತಪ್ಪು ನುಸುಳುತ್ತದೆ ಅಂತ 2015ರಲ್ಲಿ ಅವರೂ ಸಹೋದ್ಯೋಗಿಗಳೂ ಬರೆದರು. ಗಣತಿ ನಡೆಸುವ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಗಮನಿಸಿ, ಜಗಳ ಈಗ ಕ್ಯಾಮೆರಾ ಬೇಕಾ ಬೇಡವಾ ಅನ್ನೋದಲ್ಲ. ಕ್ಯಾಮೆರಾ ಇಲ್ಲದ ಕಾಡಿನ ಹುಲಿಗಳನ್ನು ಹೇಗೆ ಲೆಕ್ಕ ಹಾಕಬೇಕು ಅನ್ನೋದು.